ಶನಿವಾರದ ಮಾಂಟೆರೆ ಪ್ರವಾಸ: ಹೊರಡುವ ಸಮಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ) ಬರುವವರೆಲ್ಲ ಗಮನಿಸಿ: ಸನ್ನಿವೇಲ್‌ನಿಂದ ಹೊರಡುವುದು 8ಕ್ಕಲ್ಲ, ಬೆಳಿಗ್ಗೆ 6ಕ್ಕೆ. ಕಡಲತೀರಕ್ಕೆ ಹೋಗುವ ಮೊದಲು ಅದೇ ಕೌಂಟಿಯ ಸಲಿನಾಸ್ ಕಣಿವೆಯ ಹೊಲಗಳ ಬದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಬರೀ ಅಕ್ವೇರಿಯಂ ನೋಡಿ ಬಂದರೆ ಆ ಊರು ಅರ್ಧವೂ ಕಂಡಂತಾಗುವುದಿಲ್ಲ. 2020ರ ಜನಗಣತಿಯಂತೆ ಕೌಂಟಿಯಲ್ಲಿ ಸುಮಾರು 4.39 ಲಕ್ಷ ಜನ, ಹತ್ತರಲ್ಲಿ ಆರು ಮಂದಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ) ಮೂಲದವರು. ಪ್ರವಾಸೋದ್ಯಮಕ್ಕಿಂತ ಲೆಟಿಸ್ (ಸಲಾಡ್ ಸೊಪ್ಪು), ಸ್ಟ್ರಾಬೆರಿ ಬೆಳೆಯೇ ದೊಡ್ಡದು. ಕಳೆದ ಸಲ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಕೂಲಿಕಾರರು ಮಂಜಿನಲ್ಲಿ ಸಾಲಾಗಿ ಬಗ್ಗಿ, ಒಂದೇ ಏಟಿಗೆ ಲೆಟಿಸ್ ಬುಡ ಕತ್ತರಿಸಿ, ಹೊರಗಿನ ಎಲೆ ಸುಲಿದು ಪೆಟ್ಟಿಗೆಗೆ ಹಾಕುತ್ತಿದ್ದರು. ಇದೇ ಕಣಿವೆಯ ಕೂಲಿಕಾರರು 1970ರಲ್ಲಿ ದೊಡ್ಡ ಮುಷ್ಕರ ಹೂಡಿದ್ದರು. ಮಕ್ಕಳಿಗೆ ದಾರಿಯಲ್ಲಿ ಖಂಡಿತ ಹೇಳಿ.

ಹೊಲದೊಳಗೆ ಇಳಿಯಬೇಡಿ. ಕೇಳದೆ ಕೆಲಸಗಾರರ ಫೋಟೊ ತೆಗೆಯುವುದು ಬೇಡವೇ ಬೇಡ. ಬೇಸಿಗೆಯಲ್ಲೂ ಅಲ್ಲಿ ಚಳಿ, ಸ್ವೆಟರ್ ಇರಲಿ. ತಿಂಡಿಗೆ ಪುಳಿಯೋಗರೆ ನಾನು ತರುತ್ತೇನೆ. ನಿಮ್ಮ ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ ಅಂತ ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.