ಬೆಕ್ಕು ಓಡಿಸ್ಲಿಕ್ಕೆ ಫಿನಾಯಿಲ್ ಬೇಡ

ಮಾನ್ಯ ಸಂಪಾದಕರೇ,

ನಮ್ಮ ಬಿಜೈ ಕಡೆ ಫ್ಲ್ಯಾಟ್‌ಗಳಲ್ಲಿ ಈಗ ಹೊಸತೊಂದು ಶುರುವಾಗಿದೆ, ಬೆಕ್ಕು ಬರಬಾರ್ದು ಅಂತ ಮೆಟ್ಟಿಲಿನ ಮೂಲೆಮೂಲೆಗೆ ಫಿನಾಯಿಲ್ ಸುರಿಯುದು, ಪಾರ್ಕಿಂಗಲ್ಲಿ ನುಸಿಗುಳಿಗೆ ಹಾಕುದು. ಕೇಳಿದ್ರೆ "ವಾಸನೆಗೆ ಓಡ್ತದೆ ಮಾರಾಯ್ರೆ, ಬೇರೆಂತ ಆಗುದಿಲ್ಲ" ಅಂತಾರೆ. ಆಗ್ತದೆ, ಅದಕ್ಕೇ ಬರೆದದ್ದು.

ಬೆಕ್ಕು ಅರ್ಧ ಲೋಕ ತಿಳ್ಕೊಳ್ಳುದೇ ಮೂಗಿಂದ. ಮರಿ ಹುಟ್ಟಿದಾಗ ಕಣ್ಣು ಬಿಟ್ಟಿರುದಿಲ್ಲ, ಕಿವಿ ಕೇಳುದಿಲ್ಲ, ತಾಯಿ ಮೊಲೆ ಹುಡುಕುದು ವಾಸನೆ ಮತ್ತೆ ಮೈಬಿಸಿ ಹಿಡ್ಕೊಂಡು. ಕೆನ್ನೆ, ಗಲ್ಲ, ಪಾದದಡಿ, ಬಾಲದ ಬುಡದಲ್ಲೆಲ್ಲ ಅದಕ್ಕೆ ವಾಸನೆ ಗ್ರಂಥಿ ಉಂಟು, ಗೇಟಿಗೂ ನಿಮ್ಮ ಕಾಲಿಗೂ ಕೆನ್ನೆ ಉಜ್ಜುದು ಬರೀ ಮುದ್ದಿಗಲ್ಲ, ಗುರುತು ಹಾಕ್ಲಿಕ್ಕೆ. ಬೇರೆ ಬೆಕ್ಕಿನ ಉಚ್ಚೆ ಮೂಸಿ, ಮೇಲ್ದುಟಿ ಎತ್ತಿ, ಬಾಯಿ ಅರ್ಧ ತೆರೆದು ಹಾಗೇ ನಿಂತದ್ದು ನೋಡಿದ್ದೀರಾ? ಹೇಸಿಗೆಯಾಗಿ ಅಲ್ಲ. ಮೇಲಿನ ಮುಂದಿನ ಹಲ್ಲಿನ ಹಿಂದೆ ಅಂಗುಳಲ್ಲಿ ಎರಡು ಸಣ್ಣ ತೂತು, ಅಲ್ಲಿಂದ ವಾಸನೆ ಜೇಕಬ್‌ಸನ್ ಅಂಗ ಅಂತ ವಾಸನೆ ಹಿಡಿಯುವ ಇನ್ನೊಂದು ಅಂಗಕ್ಕೆ ಹೋಗ್ತದೆ, ಬಂದುಹೋದದ್ದು ಗಂಡೋ ಹೆಣ್ಣೋ, ಬೆದೆಗೆ ಬಂದಿದ್ಯೋ ಅಂತ ಅದಕ್ಕೆ ಗೊತ್ತಾಗ್ತದೆ. ನಮ್ಮಲ್ಲಿ ಎರಡುಂಟು, ಒಂದನ್ನು ಡಾಕ್ಟ್ರಲ್ಲಿಗೆ ಕರ್ಕೊಂಡು ಹೋಗಿ ತಂದ್ರೆ ಇನ್ನೊಂದು ಅದರ ಬೆನ್ನು ಮೂಸಿ ಬುಸ್ ಅಂತದೆ, ಮುಖ ಅದೇ ಆದ್ರೂ ವಾಸನೆ ಕ್ಲಿನಿಕ್ಕಿಂದು!

ಇಂಥ ಪ್ರಾಣಿ ಓಡಾಡುವಲ್ಲಿ ಫಿನಾಯಿಲ್ ಹೊಯ್ದ್ರೆ ಅದರ ಗುರುತೆಲ್ಲ ಅಳಿಸಿಹೋಗ್ತದೆ, ಎಷ್ಟೋ ಸಲ ಅದು ಪುನಃ ಬಂದು ಅಲ್ಲೇ ಉಚ್ಚೆ ಹಾರಿಸ್ತದೆ. ಮೇಲಿಂದ ಅದರಲ್ಲಿರುವ ಫಿನಾಲ್ ಜಾತಿಯ ಕೆಮಿಕಲನ್ನು ಅರಗಿಸಿ ಹೊರಗೆ ಹಾಕುವ ತಾಕತ್ತು ಬೆಕ್ಕಿನ ಲಿವರಿಗೆ ತೀರಾ ಕಮ್ಮಿ. ಒದ್ದೆ ನೆಲ ತುಳೀತದೆ, ಆಮೇಲೆ ಕೂತು ಪಾದ ನೆಕ್ತದೆ, ವಿಷ ಹೊಟ್ಟೆಗೆ. ನುಸಿಗುಳಿಗೆಯೂ ವಿಷವೇ.

ಇನ್ನು ಕೆಲವರು ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ದಕ್ಕೆಯಲ್ಲಿ, ಅಂದ್ರೆ ಮೀನಿನ ಬಂದರಲ್ಲಿ, ಬಿಟ್ಟು ಬರ್ತಾರೆ, ಅಲ್ಲಿ ಮೀನುಂಟಲ್ಲ ಬದುಕ್ತದೆ ಅಂತ. ಅಲ್ಲಿ ಮೊದಲೇ ಇರುವ ಬೆಕ್ಕುಗಳ ಗುರುತು ಎಲ್ಲಾ ಕಡೆ, ಹೊಸತಕ್ಕೆ ಗೊತ್ತಿರುವ ಒಂದು ವಾಸನೆಯೂ ಇಲ್ಲ, ಹೋಗುದೆಲ್ಲಿಗೆ? ಅದರಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟೇ ಕಡಲಿಗೆ ಇಳಿಯುದಿಲ್ಲ, ಆಗ ಬಿಟ್ರೆ ಮೀನಿನ ತಲೆಯೂ ಸಿಗ್ಲಿಕ್ಕಿಲ್ಲ.

ಗಂಡುಬೆಕ್ಕು ಗೋಡೆಗೆ ಉಚ್ಚೆ ಹಾರಿಸುದೇ ತಲೆನೋವಾದ್ರೆ ಅದಕ್ಕೆ ಸಂತಾನಹರಣದ ಆಪರೇಷನ್ ಉಂಟಲ್ಲ, ಮಾಡಿಸಿದ್ರೆ ಹೆಚ್ಚಿನವು ನಿಲ್ಲಿಸ್ತವೆ. ಬಿಲ್ಡಿಂಗಿನವರೆಲ್ಲ ಸೇರಿ ದುಡ್ಡು ಹಾಕಿದ್ರೆ ಒಬ್ಬೊಬ್ಬರ ತಲೆಗೆ ಎಷ್ಟು ಬಿದ್ದೀತು? ಮುಂದಿನ ಅಸೋಸಿಯೇಷನ್ ಮೀಟಿಂಗಲ್ಲಿ ನಾನಂತೂ ಇದನ್ನು ಕೇಳಿಯೇ ಕೇಳ್ತೇನೆ.

– ಒಬ್ಬಳು ಓದುಗಿ, ಬಿಜೈ, ಮಂಗಳೂರು