ಬಿಇಓ ಸಾಹೇಬ್ರಿಗೆ, ಸಿಆರ್‌ಪಿ ಮೇಡಂಗೆ, ಕಚೇರಿಯ ಮೂಲೆ ಟೇಬಲ್ಲಿನ ಸರ್‌ಗೆ

ಮೇ 31 ಬಂತು ಅಂದ್ರೆ ಶಿಕ್ಷಣ ಇಲಾಖೆಯಲ್ಲಿ ಹಾರ, ಶಾಲುಗಳ ಸುಗ್ಗಿ. ಹಿಂದೆ ಶಾಲೆಗೆ ಸೇರಿಸಿಕೊಳ್ಳುವಾಗ ಮೇಷ್ಟ್ರು ಎಷ್ಟೋ ಮಕ್ಕಳಿಗೆ ಜೂನ್ 1 ಅಂತಲೇ ಹುಟ್ಟಿದ ದಿನ ಬರೆದುಬಿಡುತ್ತಿದ್ದರು. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು ಅನ್ನೋದು ನಿಯಮ. ಹಾಗಾಗಿ 60 ತುಂಬುವವರೆಲ್ಲ ಒಟ್ಟೊಟ್ಟಿಗೆ ಹೊರಡುತ್ತಾರೆ. ನಮ್ಮ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬ್ರೂ ಈ ಸಲ ಅದೇ ಸಾಲಿನಲ್ಲಿದ್ದಾರೆ. ನಿಜವಾದ ಹುಟ್ಟುಹಬ್ಬ ಯಾವತ್ತು ಅಂತ ಕೇಳಿದರೆ, "ಸೋನೆ ಮಳೆ ಹಿಡಿದಿತ್ತಂತೆ, ಅಷ್ಟೇ ಗೊತ್ತು" ಅಂತ ನಗುತ್ತಾರೆ.

ಅದೇ ಹೊತ್ತಿಗೆ ನಮ್ಮ ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ, ಅಂದ್ರೆ ಸಿಆರ್‌ಪಿ ಮೇಡಂ ಅವಧಿ ಮುಗಿದು ಶಾಲೆಗೆ ವಾಪಸ್ ಹೋಗುತ್ತಿದ್ದಾರೆ. ಮೂಲೆ ಟೇಬಲ್ಲಿನಲ್ಲಿ ನಮ್ಮ ಕಡತ, ಬಿಲ್ಲು ನೋಡುವ ಕಚೇರಿಯ ವಿಷಯ ನಿರ್ವಾಹಕರಿಗೆ ಬೇರೆ ತಾಲ್ಲೂಕಿಗೆ ವರ್ಗ ಆಗಿದೆ. ಬೀಳ್ಕೊಡುಗೆ ಸಭೆಯಲ್ಲಿ ಒಬ್ಬೊಬ್ಬರಿಗೆ ಎರಡೇ ನಿಮಿಷ ಮಾತು. ಅದರಲ್ಲಿ ವೇದಿಕೆ ಮೇಲಿರುವವರ ಹೆಸರು ಹೇಳುವಷ್ಟರಲ್ಲೇ ಒಂದು ನಿಮಿಷ ಹೋಗುತ್ತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಾಹೇಬ್ರೇ, 2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಯಾರಿಗೆ ಮರೆಯುತ್ತೆ ಹೇಳಿ? ಮಾರ್ಚಿನಲ್ಲಿ ಆಗಬೇಕಾಗಿದ್ದು ಕೊರೊನಾದಿಂದಾಗಿ ಜೂನ್ 25ಕ್ಕೆ ಶುರುವಾಯಿತು. ಹಾಸ್ಟೆಲ್ ಮಕ್ಕಳು ಊರು ಸೇರಿಬಿಟ್ಟಿದ್ದರು. ಅವರು ಇದ್ದ ಕಡೆಯೇ ಬರೆಯಬಹುದು ಅಂತ ಸರ್ಕಾರ ಹೇಳಿತು. ಸರಿ, ಆದರೆ ಯಾವ ಮಗು ಎಲ್ಲಿದೆ ಅಂತ ಹುಡುಕೋರು ಯಾರು? ನೀವು ಹುಡುಕಿದಿರಿ. ಪಟ್ಟಿ ಮುಂದಿಟ್ಟುಕೊಂಡು ಮುಖ್ಯ ಶಿಕ್ಷಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, "ಇವನಿಗೆ ಹಾಲ್ ಟಿಕೆಟ್ ತಲುಪಿತಾ? ಇವಳು ಬರೋದು ಯಾರ ಗಾಡಿಯಲ್ಲಿ?" ಅಂತ ಕೇಳಿದಿರಿ. ಮಾಸ್ಕು, ಸ್ಯಾನಿಟೈಸರು, ಜ್ವರ ನೋಡುವ ಯಂತ್ರ ಎಲ್ಲ ಇತ್ತು. ಪೋಷಕರಿಗೆ ಧೈರ್ಯ ಬಂದಿದ್ದು ಮಾತ್ರ ಆ ಫೋನುಗಳಿಂದ.

ಆಮೇಲೆ ವಿದ್ಯಾಗಮ, ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದ ಕಡೆಯೇ ಹೋಗಿ ಪಾಠ ಮಾಡುವ ಯೋಜನೆ. ಗುಡಿಯ ಜಗಲಿ, ಅರಳಿಕಟ್ಟೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಪಾಠ. ಶಿಕ್ಷಕರಿಗೆ ಸೋಂಕು ತಗುಲಿ ಹೆದರಿಕೆ ಹಬ್ಬಿದಾಗ ನೀವು ಹೇಳಿದ್ದು ನೆನಪಿದೆ: "ವರದಿ ನಾಳೆ ಕೊಟ್ಟರಾಯ್ತು, ಮೊದಲು ಮನೆಗೆ ಹೋಗಿ ಬಿಸಿನೀರು ಕುಡೀರಿ." ಅಧಿಕಾರಿ ಬಾಯಲ್ಲಿ ವರದಿ ತಡವಾಗಲಿ ಅನ್ನೋ ಮಾತು!

ಇನ್ನೊಂದು ಹೇಳಲೇಬೇಕು. ಈ ವರ್ಷ ನಮ್ಮ ಶಾಲೆಗೆ ಬಂದಾಗ ಕುರ್ಚಿ ಬೇಡ ಅಂದು ನಲಿಕಲಿ ಮಕ್ಕಳ (ಕಾರ್ಡ್ ಹಿಡಿದು ಮೈಲಿಗಲ್ಲು ಅನ್ನೋ ಹಂತಗಳನ್ನು ದಾಟುತ್ತಾ ಕಲಿಯುವ ಚಿಕ್ಕ ಕ್ಲಾಸಿನವರ) ಗುಂಪಿನಲ್ಲಿ ನೆಲದ ಮೇಲೇ ಕೂತಿರಿ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಕಾರ್ಡ್ ಹಿಡಿದುಕೊಂಡು, "ನೀವು ಯಾವ ಮೈಲಿಗಲ್ಲಲ್ಲಿದ್ದೀರಿ?" ಅಂತ ಕೇಳಿದಳು. "ಕೊನೇದ್ರಲ್ಲಿದ್ದೀನಿ ಮರಿ" ಅಂದಿರಿ. "ಹಂಗಾದ್ರೆ ಮೌಲ್ಯಮಾಪನ ಆಯ್ತಾ?" ಅಂದಳು. ನೀವು ನಕ್ಕಿದ್ದಕ್ಕೆ ಅಡುಗೆಮನೆಯಿಂದ ಬಿಸಿಯೂಟದ ಅಕ್ಕಂದಿರೂ ಬಂದು ಬಗ್ಗಿ ನೋಡಿದರು.

ಸಿಆರ್‌ಪಿ ಮೇಡಂ, ನಿಮಗೆ ಥ್ಯಾಂಕ್ಸ್ ಹೇಳೋಕೆ ನನ್ನ ಕಾರಣ ಸ್ವಲ್ಪ ಬೇರೆ. "ತುರ್ತು ಮಾಹಿತಿ, ಇಂದು ಸಂಜೆ 4 ಗಂಟೆಯೊಳಗೆ" ಅನ್ನೋ ಮೆಸೇಜು ಮೇಲಿನಿಂದ ಇಳಿದು ಇಳಿದು ಪಾಠ ಮಾಡುತ್ತಿರುವ ಟೀಚರ್ ಫೋನಿಗೆ ಬಂದು ಬೀಳುತ್ತೆ, ಅಲ್ವಾ? ನೀವು ಅದನ್ನು ಸುಮ್ನೆ ಫಾರ್ವರ್ಡ್ ಮಾಡಲಿಲ್ಲ. ಸ್ಯಾಟ್ಸ್‌ನಲ್ಲಿ (ಮಕ್ಕಳ ವಿವರ ಇರುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ) ಆಗಲೇ ಇರುವ ಅಂಕಿಅಂಶ ನೀವೇ ತೆಗೆದು ತುಂಬಿದಿರಿ. ನಿಜವಾಗಿ ಇಲ್ಲದ್ದನ್ನು ಮಾತ್ರ ನಮ್ಮನ್ನು ಕೇಳಿದಿರಿ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಹೀಗೆ ಉಳಿಯುವ ಅರ್ಧ ಗಂಟೆ ಅಂದ್ರೆ ಒಂದು ಪೂರಾ ಗಣಿತದ ಪಾಠ. ನಾನು ತರಬೇತಿಗೆ ಹೋದ ದಿನ ನೀವೇ ಬಂದು ಐದನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಟ್ಟಿದ್ದೂ ಇದೆ. ಇನ್ನು ಮೇಲೆ ದಿನವೂ ನಿಮ್ಮ ಪಾಠ ಕೇಳುವ ಮಕ್ಕಳ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ.

ಮೂಲೆ ಟೇಬಲ್ಲಿನ ಸರ್, ನಿಮ್ಮ ಹೆಸರು ಯಾವ ಬ್ಯಾನರಿನಲ್ಲೂ ಬರಲಿಲ್ಲ. ಆದರೆ ಕಾಲಮಿತಿ ಬಡ್ತಿ ಆಗಲಿ, ಸೇವಾ ಪುಸ್ತಕದ ನಮೂದಾಗಲಿ, ಯಾರೂ ನಿಮ್ಮ ಮುಂದೆ ಕೈಕಟ್ಟಿ ನಿಲ್ಲಬೇಕಾಗಲಿಲ್ಲ. ಅತಿಥಿ ಶಿಕ್ಷಕರ ಗೌರವಧನದ ಅನುದಾನ ತಡವಾಗಿ ಬರುವುದು ನಿಮ್ಮ ಕೈಯಲ್ಲಿರಲಿಲ್ಲ. ಬಂದ ಮೇಲೆ ಬಿಲ್ಲು ತಡವಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿತ್ತು, ನೋಡಿಕೊಂಡಿರಿ. ಆ ದುಡ್ಡಲ್ಲೇ ಮನೆ ಬಾಡಿಗೆ ಕಟ್ಟುವವರು ನಿಮ್ಮನ್ನು ಬೇಗ ಮರೆಯೋದಿಲ್ಲ.

ಸಾಹೇಬ್ರೇ, ನಿಮ್ಮ ಪಿಂಚಣಿ ಕಡತ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸಂಕೋಚ ಬೇಡ, ನಮಗೊಂದು ಫೋನ್ ಮಾಡಿ. ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿ ಕೆಲಸ ತೆಗೆಸೋದನ್ನ ನಿಮ್ಮಿಂದಲೇ ಕಲಿತಿದ್ದೀವಿ.