ರಾಕಿ ಮೌಂಟನ್ ಹೌಸ್ ನೋಡಿ ಬಂದು, ಮಗಳಿಗೆ

ಪುಟ್ಟಿ,

ನಾನೂ ಅಪ್ಪನೂ ಕ್ಯಾಲ್ಗರಿಯಿಂದ ರಾಕಿ ಮೌಂಟನ್ ಹೌಸ್‌ಗೆ ಹೋಗಿ ಬಂದ್ವಿ, ಅದೇ ಕೆನಡಾದ ಹಳೇ ತುಪ್ಪಳ ವ್ಯಾಪಾರದ ಕೋಟೆ ಇದ್ದ ಜಾಗ. "ಎರಡು ಚಿಮಣಿ ನೋಡೋಕೆ ಅಷ್ಟು ದೂರಾನಾ?" ಅಂತ ಫೋನಲ್ಲಿ ಕೇಳಿದ್ಯಲ್ಲ. ಹಳೇ ಕೋಟೆಯದು ಅಂತ ನಿಂತಿರೋದು ಅಷ್ಟೇ, ನಿಜ. ಆದ್ರೂ ನೀನು ಆ ಜಾಗ ನೋಡಲೇಬೇಕು.

1799ರಲ್ಲಿ ನಾರ್ತ್ ವೆಸ್ಟ್ ಕಂಪನಿ, ಹಡ್ಸನ್ಸ್ ಬೇ ಕಂಪನಿ ಅನ್ನೋ ಎರಡು ತುಪ್ಪಳ ವ್ಯಾಪಾರದ ಕಂಪನಿಗಳೂ ಅಲ್ಲಿ ನದಿ ದಡದಲ್ಲಿ ಪೈಪೋಟಿಗೆ ಬಿದ್ದು ಕೋಟೆ ಕಟ್ಟಿದವು. 1821ರಲ್ಲಿ ಎರಡೂ ಒಂದಾದವು, 1875ರಲ್ಲಿ ವ್ಯಾಪಾರ ನಿಂತಿತು. ಮುಖ್ಯವಾಗಿ ಬೇಕಿದ್ದದ್ದು ಬೀವರ್ ಅನ್ನೋ ನೀರಲ್ಲಿರೋ ಪ್ರಾಣಿಯ ತುಪ್ಪಳ. ಅದರ ಒಳಗೂದಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳಿರುತ್ತವೆ. ಒತ್ತಿ ಬಡಿದರೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಬಟ್ಟೆಯಂಥ ಫೆಲ್ಟ್ ಆಗುತ್ತೆ. ಯುರೋಪಿನ ಗಂಡಸರ ಹ್ಯಾಟಿಗೆ ಅದೇ ಆಗಬೇಕಿತ್ತು.

ನನ್ನ ಮನಸ್ಸಲ್ಲಿ ಉಳಿದಿದ್ದು ಮಾತ್ರ ಶಾರ್ಲೆಟ್ ಸ್ಮಾಲ್. ತಾಯಿ ಅಲ್ಲಿನ ಮೂಲನಿವಾಸಿ ಕ್ರೀ ಜನಾಂಗದವಳು, ತಂದೆ ಸ್ಕಾಟ್ಲೆಂಡಿನ ವ್ಯಾಪಾರಿ. ಹದಿಮೂರನೇ ವಯಸ್ಸಿಗೇ ನಾರ್ತ್ ವೆಸ್ಟ್ ಕಂಪನಿಯ ಡೇವಿಡ್ ಥಾಂಪ್ಸನ್‌ನ ಕೈ ಹಿಡಿದಳು. 1807ರಲ್ಲಿ ಅವನು ಆ ಕೋಟೆಯಿಂದಲೇ ಹೊರಟು ಬೆಟ್ಟ ದಾಟಿ ಕೊಲಂಬಿಯಾ ನದಿ ಮುಟ್ಟಿದ. ನಕ್ಷೆ ಬರೆದವನು ಅಂತ ಎಲ್ಲೆಲ್ಲೂ ಅವನ ಹೆಸರು. ಆ ದಾರೀಲಿ ಅವಳೂ ಇದ್ದಳು ಕಣೇ, ಮೂರು ಚಿಕ್ಕ ಮಕ್ಕಳನ್ನ ಕಟ್ಟಿಕೊಂಡು! ಮೊಕಾಸಿನ್ ಅನ್ನೋ ತೊಗಲಿನ ಮೆತ್ತನೆ ಬೂಟು ಹೊಲಿಯೋದು, ಹಿಮದ ಮೇಲೆ ನಡೆಯೋ ಪಾದರಕ್ಷೆಗೆ ತೊಗಲಿನ ದಾರ ಹೆಣೆಯೋದು, ಕಾಡುಕೋಣದಂಥ ಬೈಸನ್ ಮಾಂಸ ಒಣಗಿಸಿ ಕುಟ್ಟಿ, ಕೊಬ್ಬು ಕಲಸಿ ಪೆಮಿಕನ್ ಮಾಡೋದು, ಎಲ್ಲಾ ಅಂಥ ಹೆಂಗಸರ ಕೆಲಸ. ಅದಿಲ್ಲದೆ ಯಾವ ಕಂಪನಿಯ ದೋಣಿಯೂ ಮುಂದೆ ಹೋಗ್ತಿರಲಿಲ್ಲ. ಆದರೂ ಲೆಕ್ಕದ ಪುಸ್ತಕಗಳಲ್ಲಿ ಅವರ ಹೆಸರು ಸಿಗೋದು ಅಪರೂಪ. ನನಗೆ ಹೊಟ್ಟೆ ಉರಿಯಿತು.

ರಾತ್ರಿ ಟೀಪಿ ಅನ್ನೋ ಡೇರೆಯಲ್ಲಿ ಮಲಗಿದ್ವಿ. ಉದ್ದನೆಯ ಮರದ ಗಳುಗಳು ತುದೀಲಿ ಒಂದಾಗ್ತವೆ, ಅಲ್ಲೇ ಹೊಗೆ ಹೋಗೋ ಕಿಂಡಿ. ಮೇಲೆ ನೋಡಿದ್ರೆ ಅಷ್ಟಗಲ ಆಕಾಶ. ಅಪ್ಪ ಬೆನ್ನು ನೋವು ಅಂತ ಗೊಣಗಿದರೂ ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಬೈಸನ್ ಹಿಂಡು ನೋಡೋಕೆ ಹೊರಟಿದ್ರು. ಚಿಮಣಿ ಹಾದಿ ಚಿಕ್ಕದು. ಥಾಂಪ್ಸನ್ ಹೆಸರಿನ ಹಾದಿ ಮೂರು ಕಿಲೋಮೀಟರಿನ ಮೇಲೆ, ನದಿ ಪಕ್ಕಕ್ಕೇ ಹೋಗುತ್ತೆ. ನಿನ್ನ ಜೊತೆ ನಡೆಯೋಕೆ ನನಗೆ ಅದೇ ಇಷ್ಟ.

ಆಗಸ್ಟ್‌ನಲ್ಲಿ ಬರ್ತೀಯಲ್ಲ, ಯಾವ ವಾರ ಅಂತ ಬೇಗ ಹೇಳು, ಬುಕ್ ಮಾಡಿಸ್ತೀನಿ. ದಪ್ಪ ಸ್ವೆಟರ್ ಮರೀಬೇಡ.

ನಿನ್ನ
ಅಮ್ಮ